ಕಡ್ಲಿಕೊಪ್ಪ ಥೇಟರಿನ ಗುಡುಗು

ನಾನು ಒಂದು ತಗಡು. ಅಷ್ಟಕ್ಕೇ ಮೂಗು ಮುರಿಯಬೇಡಿ. ನನ್ನ ಜೊತೆ ಹುಟ್ಟಿದವರಲ್ಲಿ ಕೆಲವರು ಡಬ್ಬಿಯಾದರು, ಕೆಲವರು ಬಕೀಟಾದರು, ಒಬ್ಬ ಕೋಳಿಗೂಡಿನ ಬಾಗಿಲಾದನಂತೆ. ನಾನು ಮಾತ್ರ ಗುಡುಗಾದೆ. ಹೇಗಾದೆ, ಆಮೇಲೆ ಏನೇನಾದೆ ಎಂಬುದನ್ನು ಹೇಳುತ್ತೇನೆ. ಈಗ ನನಗೆ ನಿದ್ದೆ ಹೆಚ್ಚು, ಎಚ್ಚರ ಕಡಿಮೆ. ನಡುನಡುವೆ ಕನಸು ಬೆರೆತರೆ ನೀವೇ ಹೊಂದಿಸಿಕೊಳ್ಳಬೇಕು.

ಹುಟ್ಟಿದ ಊರು ಗೊತ್ತಿಲ್ಲ. ಬೆಂಕಿ ನೆನಪಿದೆ. ಎರಡು ದಪ್ಪ ಉರುಳೆಗಳ ನಡುವೆ ತೂರಿಸಿ, ಎಳೆದು, ನನ್ನನ್ನು ತೆಳ್ಳಗೆ ಅಗಲವಾಗಿ ಮಾಡಿದ್ದು ನೆನಪಿದೆ. ಆಮೇಲೆ ತಣ್ಣನೆಯ ಗೋದಾಮು, ಆಮೇಲೆ ರೈಲು, ಕೊನೆಗೆ ಎತ್ತಿನ ಗಾಡಿ. ಗಾಡಿಯಲ್ಲಿ ನನ್ನ ಕೆಳಗೆ ಏಣು ಏಣಾಗಿ ಮಡಿಸಿದ ತಗಡುಗಳ ದೊಡ್ಡ ಕಟ್ಟಿತ್ತು. ಅವೆಲ್ಲ ಚಾವಣಿಗೆ ಹೋಗುವವು. ನಾನೊಬ್ಬನೇ ಸಪಾಟು. ನನ್ನನ್ನು ಕತ್ತರಿಸಿ ಮಳೆನೀರು ಹರಿಯುವ ದೋಣಿ ಮಾಡುತ್ತಾರೆಂದು ಗಾಡಿಯವನು ಯಾರಿಗೋ ಹೇಳುತ್ತಿದ್ದ. ಕತ್ತರಿಸುವುದೆಂದರೆ ಏನೆಂದು ಆಗ ನನಗೆ ತಿಳಿಯದು. ಹೀಗಾಗಿ ದಾರಿಯುದ್ದಕ್ಕೂ ಬಿಸಿಲು ಕಾಯಿಸಿಕೊಂಡು ಆರಾಮವಾಗಿ ಬಂದೆ.

ಗಾಡಿ ನಿಂತದ್ದು ಕಡ್ಲಿಕೊಪ್ಪದಲ್ಲಿ. ಹಾವೇರಿ ಸೀಮೆಯ ಕರಿಮಣ್ಣಿನ ಊರು, ಸುತ್ತಲೂ ಮೆಣಸಿನಕಾಯಿಯ ಹೊಲ. ಊರಿನ ಅಂಚಿನಲ್ಲಿ ಅಂದಾನೆಪ್ಪ ಸಾಹುಕಾರರು ನಾಟಕದ ಥೇಟರು ಕಟ್ಟಿಸುತ್ತಿದ್ದರು. ಅವರಿಗೆ ಕಂಪನಿ ನಾಟಕದ ಹುಚ್ಚು. ಪೇಟೆಗೆ ಕಂಪನಿ ಬಂದರೆ ಸಾಕು, ಗಾಡಿ ಕಟ್ಟಿಸುತ್ತಿದ್ದರು. "ನಾವ ಎಷ್ಟಂತ ಅಲ್ಲಿಗೆ ಹೋಗೂದು? ಕಂಪನೀನ ಇಲ್ಲಿಗೆ ಬರ್ಲಿ" ಎಂದು ಒಂದು ದಿನ ಹೇಳಿ, ಮರುದಿನವೇ ಪಾಯ ತೋಡಿಸಿದರಂತೆ. ಮಣ್ಣಿನ ದಪ್ಪ ಗೋಡೆ, ಹಲಗೆ ಹಾಸಿದ ರಂಗ, ಮೇಲೆ ತಗಡಿನ ಚಾವಣಿ. ಹಳ್ಳಿಗೆ ಅದು ಅರಮನೆಯೇ.

ಚಾವಣಿಯ ಕೆಲಸಕ್ಕೆ ಬಂದಿದ್ದವನು ಮೋದಿನಸಾಬ. ಪಾತ್ರೆಗೆ ಕಲಾಯಿ ಹಾಕುತ್ತ, ಕೊಡಗಳ ತೂತು ಮುಚ್ಚುತ್ತ ಊರೂರು ತಿರುಗುವ ಮನುಷ್ಯ. ಅವನು ನನ್ನ ಎರಡು ತುದಿ ಹಿಡಿದು ಎತ್ತಿದ. ಅಷ್ಟರಲ್ಲಿ ಗಾಳಿ ಬೀಸಿತು. ನನ್ನ ಮೈ ಬಳುಕಿ ಒಳಗಿನಿಂದ ಒಂದು ಸದ್ದು ಬಂತು. ನನಗೇ ಹೆದರಿಕೆಯಾಯಿತು. ಮೋದಿನಸಾಬ ಕತ್ತರಿ ಕೆಳಗಿಟ್ಟು ಮತ್ತೊಮ್ಮೆ ಅಲುಗಾಡಿಸಿದ, ಇನ್ನೊಮ್ಮೆ ಅಲುಗಾಡಿಸಿದ.

"ಸಾವ್ಕಾರ್ರ, ಇದನ್ನ ನಾ ಕತ್ತರಸಂಗಿಲ್ಲ. ಇದರ ಹೊಟ್ಟ್ಯಾಗ ಮಳಿ ಐತಿ. ದೋಣಿಗೆ ಬ್ಯಾರೆ ತಗಡ ತರಸ್ರಿ."

ಅಂದಾನೆಪ್ಪನವರು ಕೇಳಿ, ಕಣ್ಣು ಮುಚ್ಚಿ, ಇನ್ನೊಮ್ಮೆ ಕೇಳಿದರು. ಹಾಗೆ ನಾನು ಬದುಕಿದೆ. ರಂಗದ ಹಿಂಬದಿಯ ಗೋಡೆಗೆ, ಹಿಂದಿನ ಬಾಗಿಲ ಪಕ್ಕದಲ್ಲಿ, ಹಗ್ಗ ಕಟ್ಟಿ ನನ್ನನ್ನು ತೂಗುಹಾಕಿದರು. ಕೆಳಗಿನ ಅಂಚಿಗೆ ಮೋದಿನಸಾಬ ಒಂದು ಕಟ್ಟಿಗೆಯ ಹಿಡಿ ಕೂಡಿಸಿದ. ನನ್ನ ಅಣ್ಣತಮ್ಮಂದಿರು ಮೇಲೆ ಚಾವಣಿಯಾಗಿ ಮಲಗಿ ನಿಜವಾದ ಮಳೆಗೆ ಮೈಯೊಡ್ಡಿದರು. ನಾನು ಕೆಳಗೆ ನೆರಳಿನಲ್ಲಿ ನಿಂತು ಸುಳ್ಳು ಮಳೆಯ ಕೆಲಸ ಹಿಡಿದೆ. ಮಳೆಗಾಲದಲ್ಲಿ ಅವರು ಮೇಲಿನಿಂದ ಸದ್ದು ಮಾಡಿದರೆ ನನಗೆ ಕೆಳಗೆ ಮೈ ನಡುಗುತ್ತಿತ್ತು. ಒಳ್ಳೆಯ ಸದ್ದು ಯಾವುದು ಬಂದರೂ ನನಗೆ ಹಾಗೆಯೇ. ಸುಮ್ಮನಿರಲು ಬರುವುದಿಲ್ಲ.

ಆಮೇಲಿನ ವರ್ಷಗಳು ನನಗೆ ಒಂದೇ ಉದ್ದನೆಯ ಸಂಜೆಯಂತೆ ನೆನಪಾಗುತ್ತವೆ. ಕಂಪನಿಗಳು ಬಂದವು, ಬಿಡಾರ ಹೂಡಿದವು, ಹೋದವು. ಮುಂದೆ ಕೂತವರಿಗೆ ರಾಜ ಕಾಣುತ್ತಿದ್ದ, ನನಗೆ ರಾಜನ ಬೆನ್ನು. ಕಿರೀಟಕ್ಕೆ ಹಿಂದೆ ಹಾಕಿದ ಗಂಟು, ಪೀತಾಂಬರದ ಒಳಗೆ ತೊಟ್ಟ ಹರಿದ ಬನಿಯನ್ನು, ಮೀಸೆ ಮೇಲೆತ್ತಿಕೊಂಡು ಚಹಾ ಕುಡಿಯುವ ರಾಕ್ಷಸ, ಇವೆಲ್ಲ ನನ್ನ ಪಾಲಿಗೆ. ಆದರೂ ದೀಪ ಹತ್ತಿ ಹಾರ್ಮೋನಿಯಂ ಉಸಿರು ತೆಗೆದ ಮೇಲೆ ಆ ಹರಿದ ಬನಿಯನ್ನಿನವನೇ ನಿಜವಾಗಿ ರಾಜನಾಗಿಬಿಡುತ್ತಿದ್ದ. ಅದು ಹೇಗೆ ಆಗುತ್ತದೆ ಎಂದು ನಾನು ಇಷ್ಟು ವರ್ಷ ಹಿಂದಿನಿಂದ ನೋಡಿಯೂ ಹಿಡಿಯಲಾರದೆ ಹೋದೆ.

ನನ್ನ ಬೆನ್ನಿಗೆ ಗೋಡೆ. ಗೋಡೆಯಾಚೆ ಯಾರದೋ ಮನೆ. ರಂಗದಲ್ಲಿ ಹಾಡು ಬಂದಾಗಲೆಲ್ಲ ಗೋಡೆಯ ಆ ಬದಿಯಿಂದ ಒಂದು ಪುಟ್ಟ ದನಿ ಮೆಲ್ಲಗೆ ಗುನುಗುವುದು ನನ್ನ ಮೈಗೆ ತಾಕುತ್ತಿತ್ತು. ಯಾರೆಂದು ಗೊತ್ತಿರಲಿಲ್ಲ. ಎಚ್ಚರವೋ ಕನಸೋ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ನನ್ನ ಹೆಸರು ಸುತ್ತಲಿನ ಊರುಗಳಲ್ಲೆಲ್ಲ ಆದದ್ದು ಒಂದು ಎಡವಟ್ಟಿನಿಂದ. ಕಾಡಿಗೆ ಹೋದ ರಾಜನ ನಾಟಕ. ರಾಜ ದಾರಿ ತಪ್ಪುತ್ತಾನೆ, ಬಿರುಗಾಳಿ ಏಳಬೇಕು. ಮೋದಿನಸಾಬ ನನ್ನ ಹಿಡಿಗೆ ಕೈಹಾಕಿ ಮೈಮರೆತು ಅಲುಗಾಡಿಸಿದ. ನಾನೂ ಕಡಿಮೆ ಮಾಡಲಿಲ್ಲ. ಮರುಗಳಿಗೆಗೆ ಥೇಟರಿನಲ್ಲಿದ್ದ ಊರಿಗೆ ಊರೇ ಎದ್ದು ಹೊರಗೆ ಓಡಿತು. ರಾಜ ಕೈ ಎತ್ತಿದವನು ಎತ್ತಿದಂತೆಯೇ ನಿಂತಿದ್ದ. ಆಗಿದ್ದೇನೆಂದರೆ, ಅದು ಮೆಣಸಿನಕಾಯಿಯ ಹಂಗಾಮು. ಎಲ್ಲರ ಕಾಯಿಯೂ ಕಣದಲ್ಲಿ ಒಣಗಲು ಹರವಿತ್ತು. ಒಂದು ಹನಿ ಬಿದ್ದರೆ ಕಾಯಿ ಕಲೆಗಟ್ಟಿ ಕೆಡುತ್ತದೆ. ಗುಡುಗು ಕೇಳಿದ ಮೇಲೆ ಕೂರುವುದು ಹೇಗೆ? ಎಲ್ಲರೂ ಕಣಕ್ಕೆ ಹೋಗಿ, ಕಾಯಿ ಗುಡ್ಡೆ ಮಾಡಿ, ಗೋಣಿತಟ್ಟು ಹೊದಿಸಿ, ತಲೆಯೆತ್ತಿ ನೋಡಿದರೆ ಆಕಾಶದ ತುಂಬ ಚಿಕ್ಕೆ.

ಮರುದಿನದ ಆಟದಲ್ಲೂ ಹಾಗೆಯೇ ಆಯಿತು. ನಾಟಕದ ಗುಡುಗೆಂದು ಕೂತು, ನಿಜವಾದದ್ದಾಗಿಬಿಟ್ಟರೆ ಏನು ಗತಿ ಎಂದು ಅವರ ವಾದ. ಕಡೆಗೆ ಅಂದಾನೆಪ್ಪನವರೇ ಒಂದು ದಾರಿ ಕಂಡುಕೊಂಡರು. ಪ್ರತಿ ಗುಡುಗಿಗೆ ಮೊದಲು ಅವರು ತಲೆಯ ಪಟಗ ಸರಿಮಾಡಿಕೊಂಡು ಕಾಡಿನ ದೃಶ್ಯದ ನಡುವೆ ಬಂದು ನಿಲ್ಲುವರು.

"ಈಗ ಬರೂ ಗುಡುಗು ನಮ್ಮದು. ಯಾರೂ ಏಳಬ್ಯಾಡ್ರಿ."

ಕಂಪನಿಯ ಮಾಲಕರಿಗೆ ಇದರಿಂದ ಹೊಟ್ಟೆಯುರಿ. ಜನಕ್ಕೋ ಆ ಮಾತಿಲ್ಲದೆ ನಾಟಕ ನಾಟಕವೇ ಅಲ್ಲ ಎನ್ನುವಂತಾಯಿತು. ಸಾಹುಕಾರರು ಬಂದರೆ ಚಪ್ಪಾಳೆ, ಆಮೇಲೆ ನಾನು ಗುಡುಗಿದರೆ ಇನ್ನೂ ದೊಡ್ಡ ಚಪ್ಪಾಳೆ. ಎಂಥ ದಿನಗಳವು!

ಅಂದಾನೆಪ್ಪನವರು ತೀರಿಕೊಂಡರು. ಮೋದಿನಸಾಬನ ಕೈಯಲ್ಲಿ ಶಕ್ತಿ ಕುಗ್ಗಿತು, ಅವನೂ ಹೋದ. ಕಂಪನಿಗಳು ಒಂದೊಂದೇ ಮುಚ್ಚಿದವು. ಮನೆಮನೆಗೆ ಟೀವಿ ಬಂತು. ಕೊನೆಯ ಆಟಕ್ಕೆ ಬಂದವರು ಒಂದು ಚಾಪೆಯ ಮೇಲೆ ಹಿಡಿಸುವಷ್ಟು ಮಂದಿ. ಆಮೇಲೆ ಬಾಗಿಲಿಗೆ ಬೀಗ ಬಿತ್ತು.

ನಾನು ಮಲಗಿದೆ. ಎಷ್ಟು ಮಳೆಗಾಲ ಹೋದವೋ ಲೆಕ್ಕವಿಲ್ಲ. ಬಾವಲಿಗಳು ಬಂದು ಸಂಸಾರ ಹೂಡಿದವು. ಪರದೆಯ ಮೇಲೆ ಬರೆದಿದ್ದ ಅರಮನೆಯನ್ನು ಗೆದ್ದಲು ಕಂಬಕಂಬವಾಗಿ ತಿಂದಿತು. ಕನಸಿನಲ್ಲಿ ರಾಜ ಬಂದು ನನ್ನ ಹತ್ತಿರ ದಾರಿ ಕೇಳುತ್ತಿದ್ದ. ಮೇಲಿನಿಂದ ಮಳೆ ಮಾತಾಡಿದರೆ ಅವನಿಗೆ ನಾನು ಮೈ ನಡುಗಿಸಿ ಉತ್ತರ ಹೇಳುತ್ತಿದ್ದೆ. ಆ ನಿದ್ದೆಯಲ್ಲಿ ದುಃಖವೇನೂ ಇರಲಿಲ್ಲ. ಆದರೆ ಯಾರಾದರೂ ಬಂದು ಹಿಡಿಗೆ ಕೈಹಾಕಲಿ ಎಂದು ಆಸೆಯಿತ್ತು.

ಬಂದರು. ಆದರೆ ಗುಡುಗಿಸಲು ಅಲ್ಲ. ಅಂದಾನೆಪ್ಪನವರ ಮಗ ಗುರುಶಾಂತಪ್ಪನವರು ಬೀಗ ತೆಗೆಸಿದರು. ಕೆಟ್ಟ ಮನುಷ್ಯರಲ್ಲ. ನಾಟಕದ ಗೊಡವೆ ಇಲ್ಲ, ಅಷ್ಟೇ. ಮೆಣಸಿನಕಾಯಿಯ ಚೀಲಗಳನ್ನು ಜನ ಕೂರುವ ಜಾಗದ ತುಂಬ ಒಟ್ಟಿಸಿದರು. ರಂಗದ ಮೇಲೆ ಹೆಂಗಸರು ಕೂತು ಕಾಯಿಯ ತೊಟ್ಟು ಬಿಡಿಸುವುದೆಂದಾಯಿತು. ಕಾಯಿ ಸುರಿಯಲು ಏನಾದರೂ ಬೇಕಲ್ಲ? ನನ್ನ ಹಗ್ಗ ಬಿಚ್ಚಿ, ಹಲಗೆಯ ಮೇಲೆ ಅಂಗಾತ ಮಲಗಿಸಿ, ಎದೆಯ ಮೇಲೆ ಕೆಂಪು ರಾಶಿ ಸುರಿದರು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎನ್ನುವವರು ಅದರ ಚೀಲಗಳ ನಡುವೆ ಸ್ವಲ್ಪ ಹೊತ್ತು ಕೂತು ನೋಡಬೇಕು. ಬಾವಲಿಗಳು ಅದೇ ವಾರ ಮನೆ ಖಾಲಿ ಮಾಡಿದವು.

ನನ್ನ ಸುತ್ತ ಕೂತ ಹೆಂಗಸರಲ್ಲಿ ಇಬ್ಬರ ಹೆಸರು ಹೇಳಿದರೆ ಸಾಕು. ಒಬ್ಬಳು ಖಾದರಬಿ, ಮೋದಿನಸಾಬನ ಸೊಸೆ. ನಗದೆ ಒಂದು ಕಾಯಿಯನ್ನೂ ಮುರಿದವಳಲ್ಲ. ಇನ್ನೊಬ್ಬಳು ಫಕ್ಕೀರವ್ವ. ಗುಂಪಿಗೆ ಅವಳೇ ಹಿರಿಯಳು. ಯಾರಿಗೆ ಮೈ ಸರಿಯಿಲ್ಲ, ಯಾರ ಕೂಸಿಗೆ ಹಾಲುಣಿಸುವ ಹೊತ್ತಾಯಿತು ಎಂಬುದೆಲ್ಲ ಅವಳಿಗೇ ನೆನಪು. ಅವಳು ಕೂರುವ ಜಾಗ ನನ್ನ ಅಂಚಿನಲ್ಲೇ, ಹಿಂದಿನ ಬಾಗಿಲಿಗೆ ಮುಖ ಮಾಡಿ. ಜನ ಕೂರುವ ಕಡೆಗೆ ಯಾವಾಗಲೂ ಅವಳ ಬೆನ್ನು.

"ಈ ಕಡಿ ತಿರುಗಿ ಕುಂದ್ರಬಾರದೇನ? ಗಾಳಿ ಬರತೈತಿ," ಎಂದು ಖಾದರಬಿ ಒಮ್ಮೆ ಕೇಳಿದಳು.

"ಆ ಕಡಿ ಮಾರಿ ಮಾಡಿ ಕುಂದ್ರಾಕ ನಾವೇನ ನಾಟಕದವರನ? ಸಾವ್ಕಾರ್ರ ಜಾಗಾ. ನಾಳಿ ಏಳಂದ್ರ ಏಳಬೇಕು. ನನಗ ಬಾಗಲಾ ಕಾಣೂದ ಚೊಲೋ."

ಒಂದು ಮಧ್ಯಾಹ್ನ, ಎಲ್ಲರಿಗೂ ತೂಕಡಿಕೆ ಬಂದ ಹೊತ್ತಿನಲ್ಲಿ, ಫಕ್ಕೀರವ್ವ ಗುನುಗಿದಳು. "ದಾರಿ ಹೇಳೇ ಹಳ್ಳವೇ, ನನ್ನ ದೊರೆ ಯಾವ ದಂಡೆಗೆ ಹೋದ?" ಕಾಡಿಗೆ ಹೋದ ರಾಜನನ್ನು ಹುಡುಕುವ ರಾಣಿಯ ಹಾಡು! ಮೆಣಸಿನಕಾಯಿಯ ರಾಶಿಯ ಕೆಳಗೆ ನನ್ನ ಮೈ ಜುಮ್ಮೆಂದಿತು. ಗೋಡೆಯಾಚೆಯ ಪುಟ್ಟ ದನಿ ಇದೇ. ಈಗ ದೊಡ್ಡದಾಗಿ, ಸ್ವಲ್ಪ ಒರಟಾಗಿ, ಇನ್ನೂ ಚೆಂದವಾಗಿ ಬಂದಿತ್ತು.

"ಏ, ತಗಡ ನಡಗತೈತಿ ನೋಡ್ರೆ!" ಎಂದಳು ಖಾದರಬಿ.

ಫಕ್ಕೀರವ್ವ ನನ್ನ ಮೇಲೆ ಅಂಗೈ ಇಟ್ಟು ನೋಡಿದಳು. ಆಮೇಲೆ ಹೆಂಗಸರಿಗೆ ಹೇಳಿದಳು. ಚಿಕ್ಕವಳಿದ್ದಾಗ ಅವಳ ಮನೆ ಈ ಗೋಡೆಗೆ ಹೊಂದಿಕೊಂಡೇ ಇತ್ತು. ಹೆಣ್ಣುಮಕ್ಕಳು ನಾಟಕಕ್ಕೆ ಹೋಗಬಾರದೆಂದು ಅಪ್ಪನ ಕಟ್ಟಪ್ಪಣೆ. ಅವಳು ಗೋಡೆಗೆ ಕಿವಿಯಿಟ್ಟು ಮಲಗುತ್ತಿದ್ದಳು. ಎಲ್ಲ ನಾಟಕಗಳ ಎಲ್ಲ ಹಾಡುಗಳೂ ಅವಳಿಗೆ ಬರುತ್ತವೆ, ಆದರೆ ಒಂದನ್ನೂ ಕಣ್ಣಿಂದ ನೋಡಿಲ್ಲ. "ರಾಜಾ ಹೆಂಗಿರತಾನೋ ನನಗ ಗೊತ್ತಿಲ್ಲವ್ವಾ. ನನ್ನ ಕನಸಿನ್ಯಾಗ ಅಂವಾ ಬರೇ ದನಿ ಅದಾನ" ಎಂದಳು. ನಾನೂ ಅವನ ಮುಖ ನೋಡಿದವನಲ್ಲ ಎಂದು ಹೇಳಬೇಕೆನಿಸಿತು.

ಅಂದಿನಿಂದ ದಿನವೂ ಹಾಡು. ಘಾಟಿನಲ್ಲಿ ಹೊಸಬರಿಗೆ ಉಸಿರೆಳೆಯುವುದೇ ಕಷ್ಟ. ಇವರಿಗೆ ಅದು ಮನೆಯ ಗಾಳಿಯಾಗಿಬಿಟ್ಟಿತ್ತು. ಬೆರಳು ತೊಟ್ಟು ಮುರಿಯುವುದು, ಬಾಯಿ ಹಾಡುವುದು, ಕೆಳಗೆ ನಾನು ನಡುಗುವುದು. ಗುಡುಗಿದ ದಿನಗಳಿಗಿಂತ ಅದೇ ಸುಖವಾಗಿತ್ತೆಂದರೆ ನೀವು ನಂಬಲಿಕ್ಕಿಲ್ಲ.

ಹೈಸ್ಕೂಲಿಗೆ ವೈಜಯಂತಿ ಎಂಬ ಕನ್ನಡದ ಅಕ್ಕೋರು ವರ್ಗವಾಗಿ ಬಂದರು. ಮನೆಗೆ ಖಾರಪುಡಿ ಮಾಡಿಸಲು ಕಾಯಿ ಕೇಳಿಕೊಂಡು ಒಂದು ದಿನ ಒಳಗೆ ಕಾಲಿಟ್ಟವರು, ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತ ಸುತ್ತಲೂ ನೋಡಿದರು. ಹಲಗೆಯ ರಂಗ, ಮುರಿದ ಪರದೆಗೋಲು, ಗೋಡೆಯಲ್ಲಿ ದೀಪ ಇಡುವ ಗೂಡು. "ಇದು ಥೇಟರಲ್ಲೇನ್ರಿ!" ಎಂದು ಅವರು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕಿವಿ ಎಲ್ಲಿದೆ ಎಂದು ಕೇಳಬೇಡಿ.

ಅಕ್ಕೋರು ಹಿಡಿದ ಕೆಲಸ ಬಿಡುವವರಲ್ಲ. ಊರಿನ ಹಿರಿಯರನ್ನು, ಯುವಕ ಸಂಘದವರನ್ನು ಕೂಡಿಸಿದರು. ಊರಿಗೊಂದು ಕಲಾಮಂದಿರ, ನಾಟಕವೂ ಇರಲಿ, ಡೊಳ್ಳೂ ಇರಲಿ, ಮಕ್ಕಳಿಗೆ ಕೋಲಾಟ ಕಲಿಸುವುದೂ ಇರಲಿ ಎಂದರು. ಗುರುಶಾಂತಪ್ಪನವರು ಅಪ್ಪನ ಹೆಸರಿಗಾಗಿ ಒಪ್ಪಿಕೊಂಡರು. ಆದರೆ ಒಂದು ಕರಾರು ಹಾಕಿದರು.

"ಅಕ್ಕಾರ, ಪೇಟಿ ವ್ಯಾಪಾರಿ ಒಬ್ಬಾಂವ ಈ ಜಾಗಾ ಕೇಳಾಕತ್ತಾನ. ತೊಟ್ಟು ಬಿಡಸೂ ಮಿಷನ್ ಹಾಕತಾನಂತ. ನೀವು ಒಂದು ನಾಟಕ ಮಾಡಿ ತೋರಸ್ರಿ. ಥೇಟರ್ ತನ್ನ ಕಾಲಮ್ಯಾಲ ತಾ ನಿಲ್ಲತೈತಿ ಅನಸಿದ್ರ ನಿಮ್ದು. ಇಲ್ಲಾಂದ್ರ ಅವಂದು."

"ಈ ಹೆಣ್ಣುಮಕ್ಕಳು?" ಎಂದು ಯಾರೋ ಕೇಳಿದರು.

"ಎಲ್ಲಾದ್ರೂ ಕುಂದ್ರತಾರ ಬಿಡ್ರಿ."

ಆ ಮಾತನ್ನು ಯಾರೂ ಮುಂದುವರಿಸಲಿಲ್ಲ. ಒಳ್ಳೆಯ ಕೆಲಸದ ಉಮೇದಿನಲ್ಲಿ ಅಕ್ಕೋರಿಗೂ ಅದು ಹೊಳೆಯಲಿಲ್ಲ. ಯುಗಾದಿಗೆ ಮೊದಲು ಚೀಲಗಳು ಹೊರಗೆ ಹೋದವು, ಹೆಂಗಸರೂ ಹೋದರು. ಮರವಿಲ್ಲದ ಕಣದಲ್ಲಿ ನಾಲ್ಕು ಗೂಟಕ್ಕೆ ತಾಡಪತ್ರಿ ಕಟ್ಟಿಕೊಂಡು ಕೂತರು. ಆ ತಿಂಗಳ ಬಿಸಿಲು ನಿಮಗೆ ಗೊತ್ತಿರಬಹುದು. ನನ್ನ ಅಣ್ಣತಮ್ಮಂದಿರನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ. ವ್ಯಾಪಾರಿಯ ಮಿಷನ್ ಬಂದರಂತೂ ಆ ತಾಡಪತ್ರಿಯ ಕೆಳಗಿನ ಕೆಲಸವೂ ಇಲ್ಲ. ನಾಟಕ ಗೆದ್ದರೆ ಬಿಸಿಲು, ಸೋತರೆ ಮಿಷನ್. ಫಕ್ಕೀರವ್ವನ ಪಾಲಿಗೆ ಎರಡೂ ಒಂದೇ ಬಾಗಿಲು, ಹೊರಗೆ ಹೋಗುವುದು.

ಇತ್ತ ಒಳಗೆ ಗೋಡೆ ತೊಳೆದರು, ಸುಣ್ಣ ಬಳಿದರು, ಮತ್ತೆ ಬಳಿದರು. ಚಾವಣಿಯ ಮೇಲೆ ಸೋಲಾರ್ ಹಲಗೆ ಕೂಡಿಸಿ ದೀಪ ಹಾಕಿಸಿದರು. ನನ್ನನ್ನು ಉಜ್ಜಿ ತೊಳೆದು ಹಳೆಯ ಜಾಗದಲ್ಲೇ ತೂಗುಹಾಕಿದರು. ಎಷ್ಟು ಕಾಲದ ಆಸೆ ಅದು! ಆದರೆ ಹಗಲು ಹೋಗುತ್ತಿರಲಿಲ್ಲ. ಮಧ್ಯಾಹ್ನವಾದರೆ ಮೈ ಹಾಡಿಗೆ ಕಾಯುತ್ತಿತ್ತು.

ನಾಟಕದ ಸಂಜೆ ಬಂತು. ಪೇಟೆಯಿಂದ ಒಳ್ಳೆಯ ತಂಡವನ್ನೇ ಅಕ್ಕೋರು ಕರೆಸಿದ್ದರು. ಕಾಡಿಗೆ ಹೋದ ರಾಜನ ಅದೇ ಹಳೆಯ ನಾಟಕ. ತಂಡದವರು ಬಯಲಲ್ಲಿ ತಾಲೀಮು ಮಾಡಿ, ನೇರವಾಗಿ ಬಣ್ಣ ಹಚ್ಚಿಕೊಂಡು ರಂಗಕ್ಕೆ ಬಂದಿದ್ದರು. ಊರೆಲ್ಲ ತುಂಬಿತ್ತು. ಮುಂದಿನ ಕುರ್ಚಿಯಲ್ಲಿ ಗುರುಶಾಂತಪ್ಪನವರು, ಪಕ್ಕದಲ್ಲಿ ಆ ವ್ಯಾಪಾರಿ. ಕೊನೆಯ ಸಾಲಿನ ಹಿಂದೆ, ಬಾಗಿಲ ಹತ್ತಿರ ನೆಲದ ಮೇಲೆ, ತೊಟ್ಟು ಬಿಡಿಸುವ ಹೆಂಗಸರು.

ಮೊದಲ ದೃಶ್ಯದಲ್ಲಿ ರಾಜ ಎರಡು ಸಲ ಕೆಮ್ಮಿದ. ಸುಣ್ಣದ ಒಳಗಿನಿಂದ ಗೋಡೆ ಘಾಟು ಬಿಡುತ್ತಿತ್ತು. ಎರಡನೆಯ ದೃಶ್ಯದಲ್ಲಿ ಮಂತ್ರಿ ಮಾತಿಗಿಂತ ಸೀನಿದ್ದೇ ಹೆಚ್ಚು. ಆಮೇಲೆ ಕಾಡು, ಬಿರುಗಾಳಿ. ತಂಡದವನೊಬ್ಬ ನನ್ನ ಹಿಡಿಗೆ ಕೈಹಾಕಿದ. ಅಷ್ಟು ವರ್ಷಗಳ ನಂತರ ಸಿಕ್ಕ ಗುಡುಗು, ನಾನು ಬಿಡುತ್ತೇನೆಯೇ? ಥೇಟರು ಅದುರುವಂತೆ ಗುಡುಗಿದೆ. ಚಾವಣಿಯ ತೊಲೆಗಳ ಮೇಲೆ ಅಷ್ಟು ವರ್ಷ ಕೂತಿದ್ದ ಮೆಣಸಿನ ದೂಳೆಲ್ಲ, ಸುಣ್ಣದ ಕುಂಚ ಎಟುಕದ ಮೂಲೆಮೂಲೆಯದೆಲ್ಲ, ದೀಪದ ಬೆಳಕಿನಲ್ಲಿ ಕೆಂಪಗೆ ಮಿನುಗುತ್ತ ನಿಧಾನವಾಗಿ ಕೆಳಗಿಳಿಯಿತು. ನೋಡಲು ಕುಂಕುಮದ ಮಳೆ. ಬಹಳ ಚೆಂದವಿತ್ತು.

ರಾಣಿ ಬಂದಳು. "ದಾರಿ ಹೇಳೇ" ಎಂದಳು, ಕೆಮ್ಮಿದಳು. "ದಾರಿ" ಎಂದಳು, ಇನ್ನೂ ಕೆಮ್ಮಿದಳು. ಹಾರ್ಮೋನಿಯಂನವನು ಸೀನುತ್ತ ಸೀನುತ್ತ ಶ್ರುತಿ ಹಿಡಿದುಕೊಂಡೇ ಇದ್ದ. ಪಾಪದ ಹುಡುಗಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಪರದೆಯ ಮರೆಗೆ ಓಡಿದಳು. ಜನ ಮೊದಲು ನಕ್ಕರು, ಆಮೇಲೆ ತಾವೂ ಮೂಗಿಗೆ ಸೆರಗು, ಟವೆಲು ಹಿಡಿದರು. ಅಕ್ಕೋರು ಗೋಡೆಗೆ ಒರಗಿ ನಿಂತಿದ್ದರು. ವ್ಯಾಪಾರಿ ಗುರುಶಾಂತಪ್ಪನವರ ಕಿವಿಯಲ್ಲಿ ಏನೋ ಹೇಳಿದ. ಅವರು ಹೂಂ ಎಂದು ಎದ್ದು ನಿಂತರು.

ಆಗ ಹಿಂದಿನಿಂದ ಹಾಡು ಬಂತು.

ರಾಣಿ ಬಿಟ್ಟ ಜಾಗದಿಂದಲೇ. ಕೆಮ್ಮಿಲ್ಲ, ತಡವರಿಕೆಯಿಲ್ಲ. ನೆಲದಲ್ಲಿ ಕೂತ ಫಕ್ಕೀರವ್ವ ತನ್ನ ಪಾಡಿಗೆ ತಾನು ಹಾಡುತ್ತಿದ್ದಳು. ಅರ್ಧಕ್ಕೆ ನಿಂತ ಹಾಡನ್ನು ಹಾಗೇ ಬಿಡಲು ಅವಳಿಂದ ಆಗಲಿಲ್ಲ, ಅಷ್ಟೇ. ಊರೆಲ್ಲ ಕತ್ತು ತಿರುಗಿಸಿತು. ಹಾರ್ಮೋನಿಯಂನವನು ಸೀನು ನುಂಗಿಕೊಂಡು ಅವಳ ಹಿಂದೆ ಹೊರಟ. ಗುರುಶಾಂತಪ್ಪನವರು ಎದ್ದವರು ಎದ್ದೇ ಇದ್ದರು.

"ಮ್ಯಾಲ ಹೋಗ ಬೇ!" ಎಂದು ಖಾದರಬಿ ದಬ್ಬಿದಳು. "ಮ್ಯಾಲ! ಮ್ಯಾಲ!" ಎಂದು ಜನ.

ಫಕ್ಕೀರವ್ವ ಹಾಡುತ್ತಲೇ ನಡೆದು ಬಂದಳು, ಮೆಟ್ಟಿಲು ಹತ್ತಿದಳು. ರಂಗದ ಮೇಲೆ ಎಲ್ಲಿ ನಿಲ್ಲಬೇಕೆಂದು ಅವಳಿಗೆ ತಿಳಿಯದು. ತನಗೆ ಗೊತ್ತಿದ್ದ ಜಾಗಕ್ಕೇ ಹೋದಳು. ದಿನವೂ ಕೂರುತ್ತಿದ್ದಲ್ಲೇ ಮಂಡಿ ಮಡಿಸಿ ಕೂತು, ಜನಕ್ಕೆ ಬೆನ್ನು ಕೊಟ್ಟು, ಹಿಂದಿನ ಬಾಗಿಲಿಗೆ ಮುಖ ಮಾಡಿ ಹಾಡನ್ನು ಪೂರ್ತಿ ಮಾಡಿದಳು. ಅವಳ ಬೆರಳುಗಳು ಇಲ್ಲದ ಕಾಯಿಯ ತೊಟ್ಟು ಮುರಿಯುತ್ತಿದ್ದವು. ಊರಿಗೆ ಕಂಡದ್ದು ಮಾಸಿದ ಇಳಕಲ್ ಸೀರೆಯ ಬೆನ್ನು. ಮುಖ ಕಂಡದ್ದು ಗೋಡೆಯಲ್ಲಿ ತೂಗುತ್ತಿದ್ದ ನನಗೊಬ್ಬನಿಗೆ. ರಾಣಿಯ ಮುಖ ಹೇಗಿರುತ್ತದೆಂದು ನಾನು ಆ ಸಂಜೆ ಮೊದಲ ಸಲ ನೋಡಿದೆ.

"ಒನ್ಸ್ ಮೋರ್" ಎಂದು ಯಾರು ಮೊದಲು ಕೂಗಿದರೋ, ಆಮೇಲೆ ನಿಲ್ಲಿಸಲಿಕ್ಕೇ ಆಗಲಿಲ್ಲ. ಅವಳು ಮತ್ತೆ ಹಾಡಿದಳು. ಇಡೀ ಊರಿನ ಕಣ್ಣಲ್ಲಿ ನೀರು. ಎಷ್ಟು ಘಾಟಿನದು, ಎಷ್ಟು ಹಾಡಿನದು ಎಂದು ಬೇರೆ ಮಾಡಲು ಯಾರಿಂದಲೂ ಸಾಧ್ಯವಿರಲಿಲ್ಲ.

"ಒಂದ್ ಹಂಗಾಮ ನೋಡೋಣು" ಎಂದರು ಗುರುಶಾಂತಪ್ಪನವರು, ಮೂಗೊರೆಸಿಕೊಳ್ಳುತ್ತ. ವ್ಯಾಪಾರಿ ಕಾರು ಹತ್ತಿ ಹೋದ.

ಮರುದಿನ ಕಣಕ್ಕೆ ಹೋದ ಅಕ್ಕೋರು ಫಕ್ಕೀರವ್ವನನ್ನು ನಾಟಕಕ್ಕೆ ಕರೆದರಂತೆ. ಅವಳು ಕೈಯಲ್ಲಿದ್ದ ಕಾಯಿ ಕೆಳಗಿಡದೆಯೇ ಹೇಳಿದ ಮಾತನ್ನು ಖಾದರಬಿ ಆಮೇಲೆ ಎಷ್ಟು ಸಲ ಆಡಿ ತೋರಿಸಿದಳೋ!

"ಹಾಡತೇನಿ ಅಕ್ಕಾರ. ಆದ್ರ ಹಗಲಿ ನಮ್ಮ ಕಾಯಿ ಅಲ್ಲೇ ಬರ್ತಾವ. ನಮ್ಮ ಕೈಗೆ ಕೆಲಸ ಐತಿ, ಬಾಯಿ ಖಾಲಿ ಐತಿ. ಬಾಯಿಗೆ ನಾಟಕ ಕೊಡ್ರಿ, ಕೈ ಬಿಡಸಬ್ಯಾಡ್ರಿ."

ಅಕ್ಕೋರು ತಾಡಪತ್ರಿಯ ಕೆಳಗೆ ಆ ಬಿಸಿಲಲ್ಲಿ ಬಹಳ ಹೊತ್ತು ಕೂತಿದ್ದರಂತೆ. ಮರುವಾರ ಹೆಂಗಸರು ಒಳಗೆ ಬಂದರು.

ಹೀಗೆ ನಮ್ಮ ಥೇಟರು ಎರಡು ಬದುಕು ಬದುಕತೊಡಗಿತು. ಹಗಲು ಕಾಯಿ, ಸಂಜೆ ಆಟ. ಕಾಯಿ ಕಳಿಸುವ ವ್ಯಾಪಾರಸ್ಥರು ಕೊಡುವ ಬಾಡಿಗೆ ಥೇಟರಿನ ಸುಣ್ಣಬಣ್ಣಕ್ಕೆ, ರಿಪೇರಿಗೆ. ದೀಪಕ್ಕೆ ಬಿಸಿಲೇ ಎಣ್ಣೆ. ಅಮಾವಾಸ್ಯೆಗೆ ಹೊಲದ ಕೆಲಸ ನಿಲ್ಲುವ ಊರಾದ್ದರಿಂದ ಪ್ರತಿ ಅಮಾವಾಸ್ಯೆಗೆ ನಾಟಕ. ನಾನೂ ಹಗಲು ಅಂಗಾತ ಮಲಗಿ ಕಾಯಿ ಹೊರುವುದು, ಸಂಜೆ ಎದ್ದು ನಿಂತು ಗುಡುಗುವುದು. ತಾಲೀಮು ತೊಟ್ಟು ಬಿಡಿಸುತ್ತಲೇ ನಡೆಯುತ್ತಿತ್ತು. ಅಕ್ಕೋರು ಮಾತು ಹೇಳಿಕೊಡುವರು, ಮಂತ್ರಿಯಾದ ಖಾದರಬಿ ಕಾಯಿ ಮುರಿಯುತ್ತ ರಾಜ್ಯದ ವಿಚಾರ ಮಾತಾಡುವಳು.

ಬೇರೆ ಊರಿನ ಕಲಾವಿದರೂ ಬರತೊಡಗಿದರು. ಅವರಿಗೆ ಫಕ್ಕೀರವ್ವ ಒಂದು ನಿಯಮ ಮಾಡಿದಳು. ಮೊದಲು ನಮ್ಮ ಜೊತೆ ಕೂತು ತೊಟ್ಟು ಬಿಡಿಸಬೇಕು. ಕೆಮ್ಮು ನಿಂತ ಮೇಲೆ ಪಾರ್ಟು. ಪೇಟೆಯ ತಂಡದ ರಾಜ ಮಂತ್ರಿಗಳೆಲ್ಲ ಬಂದು ಸಾಲಾಗಿ ಕೂತು, ಕಣ್ಣು ಕೆಂಪಗೆ ಮಾಡಿಕೊಂಡು, ಕೆಮ್ಮಿ ಕೆಮ್ಮಿ ಕಡೆಗೆ ಗಂಟಲು ಪಳಗಿಸಿಕೊಂಡರು. ನೋಡುವವರು ಮೂಗಿಗೆ ಒದ್ದೆ ಅರಿವೆ ಹಿಡಿದುಕೊಂಡು ಬರುತ್ತಿದ್ದರು. ಕಡ್ಲಿಕೊಪ್ಪಕ್ಕೆ ಹಾಸ್ಯನಾಟಕ ನೋಡಲು ಹೋದರೂ ಅತ್ತುಕೊಂಡೇ ಬರಬೇಕು ಎಂದು ಸುತ್ತಲಿನ ಊರುಗಳಲ್ಲಿ ನಗೆಮಾತಾಯಿತು.

ಫಕ್ಕೀರವ್ವ ಮಾತ್ರ ಬೆನ್ನು ತಿರುಗಿಸಲಿಲ್ಲ. ಅಕ್ಕೋರು ಎಷ್ಟೋ ಸಲ ಹೇಳಿ ನೋಡಿದರು. ರಾಣಿಯಾದರೂ ಹಿಂದಿನ ಬಾಗಿಲಿಗೇ ಮುಖ. ಧಾರವಾಡದಿಂದ ಬಂದ ಒಬ್ಬರು ಇದೊಂದು ಹೊಸ ರಂಗತಂತ್ರವೆಂದು ತಿಳಿದು ಬಹಳ ಹೊಗಳಿ ಹೋದರು. ಖಾದರಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಫಕ್ಕೀರವ್ವ ನಗಲಿಲ್ಲ. ಹಂಗಾಮು ಇನ್ನೂ ಮುಗಿದಿಲ್ಲ, ನಾಳೆ ಏಳೆಂದರೆ ಏಳಬೇಕು ಎಂಬುದು ಅವಳ ಮನಸ್ಸಿನಲ್ಲಿ ಕೂತೇ ಇತ್ತು.

ಈಗ ನನ್ನ ಸ್ಥಿತಿ ಹೇಳಿಬಿಡುತ್ತೇನೆ. ಅಂಚುಗಳೆಲ್ಲ ತುಕ್ಕು ತಿಂದಿವೆ. ಅಲುಗಾಡಿಸಿದರೆ ಪುಡಿ ಉದುರಿ ಪಾತ್ರಧಾರಿಗಳ ಬಣ್ಣ ಕೆಡುತ್ತದೆ. ಹೀಗಾಗಿ ಈಗ ಗುಡುಗು ಅಕ್ಕೋರ ಫೋನಿನಿಂದ ಬರುತ್ತದೆ. ಬೇಸರವಿಲ್ಲ ಎಂದರೆ ಸುಳ್ಳಾದೀತು. ಗುಜರಿಯವನು ಬಂದು ನನ್ನನ್ನು ಬೆರಳಿನಿಂದ ಕುಟ್ಟಿ ನೋಡಿದ್ದೂ ಆಯಿತು. ಖಾದರಬಿ ಅವನಿಗೆ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಹಿಂದಿನ ಬಾಗಿಲ ಪಕ್ಕದ ಗೋಡೆಗೆ ಒರಗಿ, ಅರ್ಧ ನಿದ್ದೆಯಲ್ಲಿ, ನಡೆಯುವುದನ್ನೆಲ್ಲ ನೋಡುತ್ತಿದ್ದೇನೆ. ಕನಸಿನಲ್ಲಿ ಅಂದಾನೆಪ್ಪನವರು ಪಟಗ ಸರಿಮಾಡಿಕೊಳ್ಳುತ್ತ ಬರುತ್ತಾರೆ, ರಾಜ ಬರುತ್ತಾನೆ, ಕೆಂಪು ಮಳೆ ಬರುತ್ತದೆ. ಆದರೆ ಒಂದು ದಿನದ ವಿಷಯ ಕನಸಲ್ಲ. ಅದನ್ನು ಹೇಳದೆ ನನ್ನ ಕಥೆ ಮುಗಿಯುವುದಿಲ್ಲ.

ಹಂಗಾಮು ಮುಗಿಯುತ್ತ ಬಂದು ಮತ್ತೆ ಯುಗಾದಿ ಹತ್ತಿರವಾಗಿತ್ತು. ಅಮಾವಾಸ್ಯೆಯ ಹಗಲು. ಹೆಂಗಸರು ನನ್ನ ಸುತ್ತ ಕೂತು ಕೊನೆಯ ಚೀಲದ ಕಾಯಿ ಬಿಡಿಸುತ್ತಿದ್ದರು. ಗುರುಶಾಂತಪ್ಪನವರು ಒಬ್ಬರೇ ಒಳಗೆ ಬಂದರು. ಎಲ್ಲರೂ ಎದ್ದು ನಿಂತರು. ಫಕ್ಕೀರವ್ವನ ಕಣ್ಣು ಬಾಗಿಲಿಗೆ ಹೋಯಿತು. ಹೆಂಗಸರ ಎದೆ ಬಡಿದುಕೊಳ್ಳುವುದು ಹಲಗೆಯ ಮೂಲಕ ನನಗೆ ತಿಳಿಯುತ್ತಿತ್ತು.

ಸಾಹುಕಾರರು ಚಪ್ಪಲಿ ಬಿಟ್ಟು, ಧೋತರ ಎತ್ತಿಕಟ್ಟಿ, ಖಾದರಬಿಯ ಪಕ್ಕದಲ್ಲಿ ಕೂತುಬಿಟ್ಟರು. ಒಂದು ಕಾಯಿ ಎತ್ತಿಕೊಂಡು ತೊಟ್ಟು ಮುರಿಯಲು ಹೋಗಿ ಕಾಯಿಯನ್ನೇ ಮುರಿದರು. ಕೆಮ್ಮು ಒತ್ತರಿಸಿ ಬಂತು. ಕೆಮ್ಮಿದರು, ಕಣ್ಣೊರೆಸಿದರು, ಆ ಕೈಯಿಂದಲೇ ಒರೆಸಿದ್ದರಿಂದ ಇನ್ನೂ ಉರಿಯಿತು.

"ನನಗೂ ಒಂದು ಸಣ್ಣ ಪಾರ್ಟ ಕೊಡ್ರವ್ವಾ," ಎಂದರು ಕೆಮ್ಮಿನ ನಡುವೆ. "ದ್ವಾರಪಾಲಕ ಆದ್ರೂ ಆಗಲಿ."

ಅವರು ಅಂಗಿಯ ಜೇಬಿನಿಂದ ಥೇಟರಿನ ಬೀಗದಕೈ ತೆಗೆದು ನನ್ನ ಮೇಲಿಟ್ಟರು.

"ಪೇಟಿಯಾಂವಗ ಇಲ್ಲಂತ ಹೇಳೇನಿ. ಕಾಗದಾ ಪಂಚಾಯ್ತ್ಯಾಗ ಮಾಡೂಣು. ಇದು ಮಾತ್ರ ನಿನ್ನ ಕಡಿ ಇರ್ಲಿ, ಫಕ್ಕೀರವ್ವಾ. ಇನ್ನ ಮ್ಯಾಲ ನಿಮಗ ಯಾರೂ ಏಳ ಅನ್ನಂಗಿಲ್ಲ."

ಫಕ್ಕೀರವ್ವ ಬೀಗದಕೈ ಕೈಗೆತ್ತಿಕೊಂಡಳು. ಅದನ್ನು ಹಿಂದುಮುಂದು ತಿರುಗಿಸಿ ನೋಡಿದಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಏನೂ ಆಗದವಳಂತೆ, "ಸಾವ್ಕಾರ್ರ, ಮೊದಲ ಕೆಮ್ಮು ನಿಲ್ಲಲಿ. ಆಮ್ಯಾಲ ಪಾರ್ಟಿನ ಮಾತು" ಎಂದಳು. ಥೇಟರು ತುಂಬ ನಗು. ಸಾಹುಕಾರರೂ ನಕ್ಕರು, ಕೆಮ್ಮಿದರು.

ಆ ಸಂಜೆ ಅದೇ ನಾಟಕ. ರಾಣಿ ಬಂದಳು, ತನ್ನ ಜಾಗದಲ್ಲಿ ಕೂತಳು. ಎಂದಿನಂತೆ ಮುಖ ನನ್ನ ಕಡೆಗಿತ್ತು. ಹಾರ್ಮೋನಿಯಂ ಶುರುವಾಯಿತು. ಅವಳು ಬಾಯಿ ತೆರೆಯಲಿಲ್ಲ. ಸೆರಗಿನ ಗಂಟನ್ನು ಒಮ್ಮೆ ಮುಟ್ಟಿಕೊಂಡಳು. ಎರಡೂ ಅಂಗೈ ಹಲಗೆಗೆ ಊರಿ, ಕೂತಲ್ಲೇ ನಿಧಾನವಾಗಿ ತಿರುಗಿದಳು, ಇಡೀ ಊರಿಗೆ ಮುಖ ಮಾಡಿ ಕೂತಳು.

ಹಾಡುವುದನ್ನು ಬಿಟ್ಟು ಅವಳು ನೋಡುತ್ತಿದ್ದಳು. ಸಾಲು ಸಾಲು ಜನ, ಮಡಿಲಲ್ಲಿ ಕೂಸು, ಮೂಗಿಗೆ ಹಿಡಿದ ಒದ್ದೆ ಅರಿವೆ, ಹೊಳೆಯುವ ಕಣ್ಣುಗಳು. ಹಾರ್ಮೋನಿಯಂನವನು ಕಾಯುತ್ತ ಅದೇ ಸ್ವರ ಹಿಡಿದುಕೊಂಡಿದ್ದ. ಆಮೇಲೆ ಹಾಡು ಬಂತು.

ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಹಾಡುವಾಗಿನ ಆ ಮುಖ ಅಷ್ಟು ದಿನ ನನ್ನೊಬ್ಬನದಾಗಿತ್ತು. ಅದು ಕೈಬಿಟ್ಟು ಹೋದದ್ದಕ್ಕೆ ಸಂಕಟವಾಯಿತು, ಸುಳ್ಳು ಹೇಳಲಾರೆ. ಆದರೆ ಅವಳ ಹೆಗಲಿನ ಆಚೆ, ದೀಪದ ಬೆಳಕಿನಲ್ಲಿ, ಊರಿನ ಮುಖ ಕಾಣುತ್ತಿತ್ತು. ಅದನ್ನು ನೋಡಿಯೇ ಅವಳದು ಆಗ ಹೇಗಿದ್ದಿರಬೇಕೆಂದು ತಿಳಿದುಕೊಂಡೆ.